ಟೈಲ್ಸ್ ಕೊರೆಯುವಾಗ ನೀರು ಮೊದಲು, ಬಿಟ್ ಆಮೇಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮನೆಗಳಲ್ಲಿ ಈಗ ಬಚ್ಚಲಿಗೂ ಅಡುಗೆಮನೆಗೂ ಎದೆಮಟ್ಟಕ್ಕಾದರೂ ಟೈಲ್ಸ್ ಬಂದಿದೆ. ಟೈಲ್ಸ್ ಬಂದ ಮೇಲೆ ಟವೆಲ್ ಕಂಬಿಗೋ ಕನ್ನಡಿಗೋ ಗೀಸರಿಗೋ ತೂತು ಕೊರೆಯುವ ಕೆಲಸವೂ ಬಂತು. ಹಲವು ವರ್ಷಗಳ ಹಿಂದೆ ನಾನು ಮೊದಲ ಸಲ ಡ್ರಿಲ್ ಹಿಡಿದಾಗ, ಕಾಂಕ್ರೀಟಿಗೆ ಬಳಸುವ ಬಿಟ್ (ಡ್ರಿಲ್ಲಿನ ತುದಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಹಾಕಿ, ಕುಟ್ಟುತ್ತಾ ಕೊರೆಯುವ ಹ್ಯಾಮರ್ ಗುಂಡಿಯನ್ನೂ ಒತ್ತಿ, ಒಣ ಗೋಡೆಗೆ ಮೈಭಾರ ಕೊಟ್ಟು ಒತ್ತಿದ್ದೆ. ಅರ್ಧ ನಿಮಿಷದೊಳಗೆ ಬಿಟ್‌ನ ತುದಿ ನೀಲಿಗಟ್ಟಿತು, ಸುಟ್ಟ ವಾಸನೆ ಬಂತು, ತೂತಿನಿಂದ ಟೈಲಿನ ಅಂಚಿನವರೆಗೆ ಕೂದಲೆಳೆಯಂಥ ಬಿರುಕು ಓಡಿತು. ಆ ಬಿರುಕು ಇಂದಿಗೂ ನಮ್ಮ ಬಚ್ಚಲಿನಲ್ಲಿದೆ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವೆಂದರೆ, ಬಿಟ್ ಬಿಸಿಯಾದ ಮೇಲೆ ನೀರು ಹಾಕುವುದಲ್ಲ, ಬಿಸಿಯಾಗುವ ಮೊದಲೇ ಅದನ್ನು ನೀರಿನಲ್ಲಿ ಇರಿಸುವುದು. ಗೋಡೆಗೆ ಹಚ್ಚುವ ಸಾಮಾನ್ಯ ಸೆರಾಮಿಕ್ ಟೈಲಿಗೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್‌ನ, ಈಟಿಯ ಮೊನೆಯಂಥ ಬಿಟ್ ಸಾಕಾಗುತ್ತದೆ. ಆ ಮೊನೆಯನ್ನು ಉಕ್ಕಿನ ಕಡ್ಡಿಗೆ ಬೆಸೆದಿರುತ್ತಾರೆ. ವಿಪರೀತ ಕಾದರೆ ಬೆಸುಗೆ ಸಡಿಲವಾಗುತ್ತದೆ, ಕಾದದ್ದನ್ನು ತಟ್ಟನೆ ತಣ್ಣೀರಿಗೆ ಅದ್ದಿದರೆ ಮೊನೆಯೇ ಸೀಳುತ್ತದೆ. ವಿಟ್ರಿಫೈಡ್ ಟೈಲ್ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಅದರ ಮೈ ಅಷ್ಟು ಗಟ್ಟಿ. ಅದಕ್ಕೆ ವಜ್ರದ ಹರಳು ಲೇಪಿಸಿದ ಟೊಳ್ಳು ಬಿಟ್ ಬೇಕು. ವಜ್ರವೆಂದ ಮಾತ್ರಕ್ಕೆ ಅದು ಬಿಸಿಗೆ ಅಂಜುವುದಿಲ್ಲವೆಂದು ತಿಳಿಯಬಾರದು. ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಜ್ರವೂ ಗಾಳಿಯಲ್ಲಿ ಉರಿದು ಸವೆಯತೊಡಗುತ್ತದೆ, ಮತ್ತು ಒಣಗಿ ಉಜ್ಜುವ ತುದಿಯಲ್ಲಿ ಶಾಖ ನಾವು ಊಹಿಸುವುದಕ್ಕಿಂತ ಬೇಗ ಏರುತ್ತದೆ.

ನೆಲದ ಟೈಲಾದರೆ ನೀರು ನಿಲ್ಲಿಸುವುದು ಸುಲಭ. ಚಪಾತಿ ಹಿಟ್ಟನ್ನೋ ಗದ್ದೆಯ ಜೇಡಿಮಣ್ಣನ್ನೋ ಹೊಸೆದು ಗುರುತಿನ ಸುತ್ತ ಬಳೆಯಂತೆ ಒತ್ತಿ, ಒಳಗೆ ಅರ್ಧ ಗೆರಟೆಯಷ್ಟು ನೀರು ಹೊಯ್ದರೆ ಬಿಟ್ ಕೊನೆಯವರೆಗೂ ಮುಳುಗಿಯೇ ತಿರುಗುತ್ತದೆ. ಗೋಡೆಯಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ, ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಪಕ್ಕದಲ್ಲಿ ನಿಂತವರು ತೂತಿನ ಮೇಲಂಚಿಗೆ ಸಣ್ಣ ಧಾರೆ ಬಿಡುತ್ತಿರಬೇಕು. ಒಬ್ಬರೇ ಇದ್ದರೆ ಹತ್ತು ಹದಿನೈದು ಸೆಕೆಂಡಿಗೊಮ್ಮೆ ನಿಲ್ಲಿಸಿ, ಬಿಟ್ ಇನ್ನೂ ಉಗುರುಬೆಚ್ಚಗಿರುವಾಗಲೇ ನೀರಿಗದ್ದಿ, ಗೋಡೆಯ ತೂತಿಗೆ ಒದ್ದೆ ಸ್ಪಂಜು ಒತ್ತಿ ಮತ್ತೆ ಮುಂದುವರಿಸಬೇಕು. ಟೊಳ್ಳು ಬಿಟ್ಟನ್ನು ಒಂದೇ ಸಮನೆ ಒತ್ತಿ ಹಿಡಿಯದೆ ಆಗಾಗ ಒಂದು ಕೂದಲಷ್ಟು ಹಿಂದಕ್ಕೆ ಎಳೆದರೆ ನೀರು ತುದಿಯವರೆಗೆ ನುಗ್ಗುತ್ತದೆ. ತೆಂಗಿನೆಣ್ಣೆ ಹಚ್ಚಿದರೂ ಆದೀತೆಂದು ಕೆಲವರು ಕೇಳುತ್ತಾರೆ. ಎಣ್ಣೆಗೆ ನೀರಿನಷ್ಟು ಶಾಖ ಹೊತ್ತೊಯ್ಯಲಾಗದು, ಹಿಟ್ಟಿನಂಥ ಪುಡಿ ಅದರಲ್ಲಿ ಕಲಸಿ ಅಂಟಾಗುತ್ತದೆ, ಟೈಲಿನ ಸಂದಿಗೂ ಕಲೆ ಹಿಡಿಯುತ್ತದೆ.

ನೀರಿರುವಲ್ಲಿ ವಿದ್ಯುತ್ತಿನ ಭಯ ಇರಲೇಬೇಕು. ನನ್ನ ಮಕ್ಕಳಿಗೂ ನೆರೆಯವರಿಗೂ ನಾನು ಹೇಳುವುದು ಬ್ಯಾಟರಿ ಡ್ರಿಲ್ಲನ್ನೇ ಬಳಸಿ ಎಂದು. ವಯರಿನ ಡ್ರಿಲ್ ಅನಿವಾರ್ಯವಾದರೆ, ಅದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರುವ ಸಂಪರ್ಕದಲ್ಲಿದೆಯೇ ಎಂದು ನೋಡಿ, ಅದರ ಪರೀಕ್ಷೆಯ ಗುಂಡಿಯನ್ನು ಒಮ್ಮೆ ಒತ್ತಿ ಅದು ಬೀಳುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಡ್ರಿಲ್ಲಿನ ಮೂತಿ ತುಸು ಕೆಳಕ್ಕೆ ಬಾಗಿದ್ದರೆ ನೀರು ಮೋಟಾರಿನತ್ತ ಹರಿಯದು. ನಲ್ಲಿಯ ನೇರ ಮೇಲೆ ಕೆಳಗೆ ಕೊರೆಯಬೇಡಿ, ಪೈಪು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ಧೂಳಿನ ವಿಚಾರವನ್ನು ಜನರು ಹಗುರವಾಗಿ ತೆಗೆದುಕೊಳ್ಳುತ್ತಾರೆಂಬುದೇ ನನಗೆ ಹೆಚ್ಚು ನೋವು. ಟೈಲಿನಲ್ಲೂ ಸಿಮೆಂಟಿನ ಮರಳಿನಲ್ಲೂ ಸಿಲಿಕಾ ಇದೆ. ಅದರ ಕಣ್ಣಿಗೆ ಕಾಣದಷ್ಟು ನಯವಾದ ಪುಡಿ ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಮನೆಯವರು ಒಂದೆರಡು ತೂತು ಕೊರೆಯುವವರಾದರೂ, ದಿನವಿಡೀ ಇದೇ ಕೆಲಸ ಮಾಡುವ ಹುಡುಗರನ್ನು ಕರೆಸಿದಾಗ ಅವರಿಗೆ ಎನ್95 ಮುಸುಕನ್ನು ನಾವೇ ಕೊಟ್ಟು ಕಟ್ಟಿಸಬೇಕು. ಧಾರೆಯ ನೀರು ಇಲ್ಲಿ ಎರಡನೆಯ ಉಪಕಾರ ಮಾಡುತ್ತದೆ: ಪುಡಿ ಹಾರದೆ ಕೆಸರಾಗಿ ಇಳಿಯುತ್ತದೆ. ಆ ಕೆಸರನ್ನು ಹಿಡಿಯಲು ನಮ್ಮ ತೋಟದ ಅಡಿಕೆ ಹಾಳೆಗಿಂತ ಒಳ್ಳೆಯ ಪಾತ್ರೆಯನ್ನು ನಾನು ಕಂಡಿಲ್ಲ. ಹಾಳೆಯನ್ನು ನೆನೆಸಿ, ತುದಿಗಳನ್ನು ದೊನ್ನೆಯಂತೆ ಮಡಚಿ ಕಡ್ಡಿ ಚುಚ್ಚಿ, ಗುರುತಿನಿಂದ ನಾಲ್ಕು ಬೆರಳು ಕೆಳಗೆ ಅಗಲವಾದ ಟೇಪಿನಿಂದ ಗೋಡೆಗೆ ಅಂಟಿಸಿದರೆ ಒಂದು ತೊಟ್ಟೂ ನೆಲಕ್ಕೆ ಬೀಳದು.

ಹಾಳೆಗೆ ಇಳಿಯುವ ನೀರಿನ ಬಣ್ಣವನ್ನು ನೋಡುತ್ತಿರಿ. ಮೊದಲು ಸಾಮಾನ್ಯವಾಗಿ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಬರುವುದು ಟೈಲಿನ ಮೈ. ಬೂದಿ ಬಣ್ಣಕ್ಕೆ ತಿರುಗಿತೆಂದರೆ ಬಿಟ್ ಟೈಲನ್ನು ದಾಟಿ ಸಿಮೆಂಟಿಗೆ ಬಂದಿದೆ. ಆಗಲೇ ಡ್ರಿಲ್ ನಿಲ್ಲಿಸಿ, ನೀರನ್ನೂ ನಿಲ್ಲಿಸಿ, ಸಾಮಾನ್ಯ ಗೋಡೆಯ ಬಿಟ್ ಹಾಕಬೇಕು. ಮುಂದೆ ಕೆಂಪು ಪುಡಿ ಬಂದರೆ ಅದು ಮುರಕಲ್ಲು. ಮುರಕಲ್ಲಿಗೆ ನೀರು ಬಿಟ್ಟರೆ ಕೆಮ್ಮಣ್ಣಿನ ಕೆಸರಾಗಿ ಬಿಟ್‌ನ ಸುರುಳಿಯಲ್ಲಿ ಮೆತ್ತಿಕೊಳ್ಳುತ್ತದೆ, ಹೊರಬಂದ ಕೆಸರು ಬಿಳಿ ಸಂದಿಗಳಿಗೆ ತಗಲಿದರೆ ಉಜ್ಜಿದರೂ ಹೋಗದು. ಹಾಗಾಗಿ ಅಲ್ಲಿಂದ ಮುಂದೆ ಒಣಗಿಯೇ, ನಿಧಾನವಾಗಿ ಕೊರೆಯುತ್ತಾ ಬೀಳುವ ಪುಡಿಯನ್ನು ಅದೇ ಒದ್ದೆ ಹಾಳೆಯಲ್ಲಿ ಹಿಡಿಯುವುದು, ಸಾಧ್ಯವಾದರೆ ವ್ಯಾಕ್ಯೂಮಿನ ಕೊಳವೆಯನ್ನು ತೂತಿನ ಬುಡಕ್ಕೆ ಹಿಡಿಸುವುದು ಒಳ್ಳೆಯದು. ಮುರಕಲ್ಲಿಗೆ ಹ್ಯಾಮರ್ ಬಹುತೇಕ ಬೇಕಾಗುವುದಿಲ್ಲ, ಕುಟ್ಟಿದರೆ ತೂತು ಅಗಲವಾಗಿ, ಸ್ಕ್ರೂ ಕೂರಿಸುವ ಪ್ಲಗ್ ಹಿಡಿಯುವುದಿಲ್ಲ; ಟೈಲಿನ ಹಂತದಲ್ಲಂತೂ ಹ್ಯಾಮರನ್ನು ಮುಟ್ಟಲೇಬಾರದು.

ಕೊರೆಯಲು ತೊಡಗುವಾಗ ನುಣುಪಾದ ಮೇಲ್ಮೈಯಲ್ಲಿ ಬಿಟ್ ಜಾರುವುದುಂಟು. ಮೊನೆಯ ಬಿಟ್ ಆದರೆ ಗುರುತಿನ ಮೇಲೆ ಕಾಗದದ ಟೇಪನ್ನು ಗುಣಾಕಾರದ ಚಿಹ್ನೆಯಂತೆ ಅಂಟಿಸಿದರೆ ಸಾಕು. ಟೊಳ್ಳು ಬಿಟ್ಟನ್ನು 45 ಡಿಗ್ರಿಯಷ್ಟು ಓರೆ ಹಿಡಿದು, ಚಂದ್ರಕಲೆಯಂಥ ಗೀರು ಬಿದ್ದ ಮೇಲೆ ಮೆಲ್ಲನೆ ನೇರಮಾಡಬೇಕು. ಟೈಲಿನ ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಆದರೂ ಒಳಗಿರಲಿ.

ಕೆಲಸ ಮುಗಿದ ಮೇಲೆ ಹಾಳೆಯ ಕೆಸರನ್ನು ಬಚ್ಚಲಿನ ಕೊಳವೆಗೆ ಸುರಿಯಬೇಡಿ, ಅದು ಒಳಗೆ ಕೂತು ಗಟ್ಟಿಯಾಗುತ್ತದೆ. ಅಂಗಳದ ಮೂಲೆಯಲ್ಲಿ ಒಣಗಲು ಬಿಟ್ಟು ಹೊಂಡಕ್ಕೆ ಹಾಕಿ. ಗೋಡೆಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಟೊಳ್ಳು ಬಿಟ್‌ನೊಳಗೆ ಸಿಕ್ಕಿಕೊಂಡ ಟೈಲಿನ ಬಿಲ್ಲೆಯನ್ನು ಪಕ್ಕದ ಸೀಳಿನಿಂದ ಮೊಳೆ ತೂರಿಸಿ ದೂಡಿ ತೆಗೆಯಿರಿ, ಅದು ಅಲ್ಲೇ ಉಳಿದರೆ ಮುಂದಿನ ತೂತಿಗೆ ನೀರು ಒಳಹೋಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಉಕ್ಕಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹತ್ತುತ್ತದೆ. ಆದುದರಿಂದ ಬಿಟ್‌ಗಳನ್ನು ತೊಳೆದು, ಒಲೆಯ ಪಕ್ಕ ಚೆನ್ನಾಗಿ ಒಣಗಿಸಿ, ಕಡ್ಡಿಯ ಭಾಗಕ್ಕೆ ಮಾತ್ರ ಮೆಷಿನ್ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ. ವಜ್ರದ ಲೇಪ ಒಂದೇ ಪದರವಿದ್ದ ಬಿಟ್ ಕೈಗೆ ನುಣುಪಾಗಿ ತಾಗತೊಡಗಿದರೆ ಅದರ ಕಾಲ ಮುಗಿಯಿತು. ಅದನ್ನು ಒತ್ತಿ ಒತ್ತಿ ಬಳಸುವ ಬದಲು ಹೊಸದನ್ನು ತನ್ನಿ.