ನೀರಿನ ಜಾಡಿನಲ್ಲೇ ಸುದ್ದಿಯೂ ಹರಿಯಬೇಕು: ಊರಿನ ವಿಪತ್ತು ಮಾಹಿತಿ ಜಾಲ ಕಟ್ಟುವ ಬಗೆ

ಹೊನ್ನಾಳಿ, ಹರಿಹರದ ನದಿತೀರಕ್ಕೆ ನೆರೆ ತರುವ ಮಳೆ ಬಹುಪಾಲು ಆ ಊರುಗಳಲ್ಲಿ ಸುರಿದದ್ದಲ್ಲ. ಮಲೆನಾಡಿನಲ್ಲಿ ಬಿದ್ದ ನೀರು ತುಂಗೆಯಾಗಿ ಗಾಜನೂರಿನ ಅಣೆಕಟ್ಟಿನಿಂದಲೂ ಭದ್ರೆಯಾಗಿ ಲಕ್ಕವಳ್ಳಿಯ ಅಣೆಕಟ್ಟಿನಿಂದಲೂ ಹೊರಟು, ಕೂಡ್ಲಿಯಲ್ಲಿ ಸೇರಿ ಇತ್ತ ಬರುತ್ತದೆ. ಗಾಜನೂರು ಶಿವಮೊಗ್ಗ ಜಿಲ್ಲೆಗೆ, ಲಕ್ಕವಳ್ಳಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿವೆ. ನೀರು ನುಗ್ಗುವ ಕೇರಿಗಳಿರುವುದು ದಾವಣಗೆರೆ ಜಿಲ್ಲೆಯಲ್ಲಿ. ಹೀಗಾಗಿ ಮಾಹಿತಿ ಜಾಲವನ್ನು ಕಟ್ಟಲು ಹೊರಟವರು ಮೊದಲು ಕಚೇರಿಗಳ ಪಟ್ಟಿ ಮಾಡದೆ, ಒಂದು ಹಾಳೆಯ ಮೇಲೆ ತಮ್ಮೂರಿಗೆ ನೀರು ಬರುವ ದಾರಿಯನ್ನು ಬರೆಯಬೇಕು.

ಆ ದಾರಿಯ ಪ್ರತಿ ಗಂಟಿನಲ್ಲೂ ಯಾರು ನೀರನ್ನು ಕಣ್ಣಾರೆ ನೋಡುತ್ತಾರೆ ಎಂಬುದನ್ನು ಗುರುತಿಸಿ, ಅವರ ಹುದ್ದೆಯನ್ನೂ ದೂರವಾಣಿಯನ್ನೂ ಬರೆದಿಡಿ. ಹೆಸರಿಗಿಂತ ಹುದ್ದೆ ಮುಖ್ಯ, ಏಕೆಂದರೆ ವರ್ಗಾವಣೆಯಾದ ಮರುದಿನವೇ ಹೆಸರು ಹಳತಾಗುತ್ತದೆ. ಎರಡು ಅಣೆಕಟ್ಟುಗಳ ಸ್ವಭಾವದ ವ್ಯತ್ಯಾಸವನ್ನೂ ತಿಳಿದಿರಬೇಕು. ಗಾಜನೂರಿನ ಜಲಾಶಯ ಹಿಡಿದಿಡಬಲ್ಲದ್ದು 3.24 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಮಾತ್ರವಾದ್ದರಿಂದ, ಮಳೆ ಜೋರಾದ ಕೂಡಲೇ ಒಳಹರಿವೇ ಹೊರಹರಿವಾಗುತ್ತದೆ. 71.5 ಟಿಎಂಸಿಯ ಭದ್ರಾ ಜಲಾಶಯ ತನ್ನ ಪೂರ್ಣ ಮಟ್ಟವಾದ 186 ಅಡಿಯ ಹತ್ತಿರ ಬರುವವರೆಗೂ ಪ್ರವಾಹವನ್ನು ತಡೆದು ನಿಲ್ಲಿಸಿಕೊಳ್ಳಬಲ್ಲದು. ಜುಲೈನಲ್ಲಿ ತುಂಗೆ ಒಬ್ಬಳೇ ತುಂಬಿ ಬರುವುದಕ್ಕೂ, ಭದ್ರಾ ಭರ್ತಿಯಾದ ಮೇಲೆ ಎರಡೂ ಕಡೆಯ ಗೇಟುಗಳು ಒಟ್ಟಿಗೆ ತೆರೆಯುವುದಕ್ಕೂ ಅಜಗಜಾಂತರವಿದೆ. ಆದ್ದರಿಂದ ಒಂದು ಅಣೆಕಟ್ಟಿನ ಕ್ಯೂಸೆಕ್ (ಸೆಕೆಂಡಿಗೆ ಹರಿಯುವ ಘನ ಅಡಿ) ಲೆಕ್ಕವನ್ನಷ್ಟೇ ಹಂಚಿಕೊಳ್ಳುವುದು ಅರ್ಧ ಮಾಹಿತಿ.

ಹೊರಹರಿವಿನ ಅಂಕಿ ನಿಮ್ಮೂರಿನಲ್ಲಿ ಏನಾಗುತ್ತದೆ ಎಂಬುದನ್ನು ಹೇಳುವುದು ಹಳೆಯ ದಾಖಲೆ. ಒಂದು ನೋಟ್‌ಬುಕ್ ಇಟ್ಟು, ಗೇಟು ತೆರೆದ ಹೊತ್ತು, ಬಿಟ್ಟ ಪ್ರಮಾಣ, ನೀರು ನಿಮ್ಮೂರಿನ ನದಿ ಘಾಟಿಗೆ (ಸ್ನಾನಘಟ್ಟಕ್ಕೆ) ತಲುಪಿದ ಹೊತ್ತು, ಯಾವ ಮೆಟ್ಟಿಲು ಮುಳುಗಿತು, ಯಾವ ರಸ್ತೆ ಬಂದಾಯಿತು ಎಂಬಿಷ್ಟನ್ನು ಬರೆಯುತ್ತ ಬಂದರೆ, ಮೂರು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಕೈಯಲ್ಲಿ ಯಾವ ಕಚೇರಿಯಲ್ಲೂ ಸಿಗದ ಅಪಾಯದ ಅಂದಾಜು ಇರುತ್ತದೆ. ನೀರು ಏರಿದ ಮಟ್ಟವನ್ನು ಶಾಲೆಯ ಗೋಡೆಗೋ ಸೇತುವೆಯ ಕಂಬಕ್ಕೋ ಬಣ್ಣದಲ್ಲಿ ಗುರುತು ಹಾಕಿ, ಇಸವಿ ಬರೆಯಿರಿ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ಅನಂತರ. ಮುಂದಿನದು 2025ರ ಜನವರಿಯಲ್ಲೇ ಬಂತು. ಮೂರು ತಲೆಮಾರು ಕಾಣದ ನೀರು ಎಲ್ಲಿವರೆಗೆ ಹರಡುತ್ತದೆಂದು ಹೇಳಲು ಗೋಡೆಯ ಮೇಲಿನ ಗೆರೆಗಿಂತ ನಂಬಿಗಸ್ತ ಸಾಕ್ಷಿ ಇನ್ನೊಂದಿಲ್ಲ.

ಚಿತ್ರದುರ್ಗದ ಕಡೆ ನದಿಗಿಂತ ಕೆರೆಗಳ ಸರಣಿಯೇ ಮುಖ್ಯ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬರುವುದರಿಂದ, ಮೇಲಿನ ಊರಿನ ನೀರುಗಂಟಿ (ಕೆರೆ ನೋಡಿಕೊಳ್ಳುವವನು) ಏರಿಯಲ್ಲಿ ಬಿರುಕು ಕಂಡ ಸುದ್ದಿ ಮೊದಲು ತಲುಪಬೇಕಾದದ್ದು ಕೆಳಗಿನ ಊರಿನ ನೀರುಗಂಟಿಗೆ; ತಾಲ್ಲೂಕು ಕಚೇರಿಗೆ ಅದೇ ಹೊತ್ತಿಗೆ ತಿಳಿಸಿದರಾಯಿತು.

ಮೇಲಿನಿಂದ ಬರುವ ಮಾಹಿತಿಗೆ ಮೂಲಗಳು ಕೆಲವೇ ಸಾಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಅಂಕಿ ಸಂಗ್ರಹಿಸುತ್ತದೆ. ಅದರ ವರುಣಮಿತ್ರ ಸಹಾಯವಾಣಿಯ ಸಂಖ್ಯೆ 92433 45433. ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಹವಾಮಾನ ಇಲಾಖೆಯ ಮಳೆ ದಿನವು ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆಂಬುದನ್ನೂ, 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ ಎಂಬ ಅದರ ಲೆಕ್ಕವನ್ನೂ ತಿಳಿದುಕೊಂಡರೆ, ನಿಮ್ಮ ಅಂಕಿಯನ್ನು ಅವರ ಅಂಕಿಯೊಡನೆ ಹೋಲಿಸಬಹುದು.

ಇನ್ನು ಸಂದೇಶ ಬರೆಯುವ ಕ್ರಮ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಬಳಸುವ ಅಂತರರಾಷ್ಟ್ರೀಯ ಮಾದರಿಯಲ್ಲಿ ತುರ್ತು, ತೀವ್ರತೆ, ಖಚಿತತೆ ಎಂಬ ಮೂರನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಈ ವಿಂಗಡಣೆ ನನ್ನ ದೃಷ್ಟಿಯಲ್ಲಿ ತುಂಬ ಉಪಯುಕ್ತ, ಏಕೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಮೂರೂ ಕಲಸಿಹೋಗಿ ‘ಡ್ಯಾಂ ಬಿಟ್ಟಿದ್ದಾರೆ, ಎಲ್ಲರೂ ಹುಷಾರ್’ ಎಂಬ ಒಂದೇ ಸಾಲಾಗುತ್ತವೆ. ಹಾಗೆ ಬರೆಯದೆ ಹೀಗೆ ಬರೆಯಿರಿ: ‘ದಿನಾಂಕ, ಬೆಳಿಗ್ಗೆ 6:10. ಗಾಜನೂರಿನ ಹೊರಹರಿವು ಇಷ್ಟು ಕ್ಯೂಸೆಕ್, ಮೂಲ ನಿಯಂತ್ರಣ ಕೊಠಡಿ, ಖಚಿತ. ಮಧ್ಯಾಹ್ನದೊಳಗೆ ಘಾಟಿನ ಕೆಳಗಿನ ಬೀದಿಗೆ ನೀರು ಬರುವ ಸಂಭವವಿದೆ, ಇದು ನಮ್ಮ ಅಂದಾಜು. ದನಕರುಗಳನ್ನು ಈಗಲೇ ಮೇಲಕ್ಕೆ ಸಾಗಿಸಿ. ಮುಂದಿನ ಸುದ್ದಿ 9 ಗಂಟೆಗೆ.’ ದಿನಾಂಕವಿಲ್ಲದ ವಿಡಿಯೊವೊಂದು ಹಿಂದಿನ ವರ್ಷದ್ದೆಂದು ತಿಳಿಯುವಷ್ಟರಲ್ಲಿ ಅರ್ಧ ಬೀದಿ ಗಂಟುಮೂಟೆ ಕಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅದರ ಮರುಸಲ ನಿಜವಾದ ಎಚ್ಚರಿಕೆ ಬಂದಾಗ ಕದಲಿದವರು ಕಡಿಮೆ.

ಸಂದೇಶ ಪಡೆದವರು ‘ತಲುಪಿತು’ ಎಂದು ಮರಳಿ ಹೇಳುವ ನಿಯಮವಿರಲಿ. ಹತ್ತು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಕರೆ ಮಾಡಬೇಕು, ಕರೆ ಹೋಗದಿದ್ದರೆ ಬೈಕಿನಲ್ಲಿ ಆಳು ಹೋಗಬೇಕು. ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ, ಒಂದು ಸುಳ್ಳು ಸಂದೇಶವನ್ನು ‘ಪರೀಕ್ಷೆ’ ಎಂದು ಸ್ಪಷ್ಟವಾಗಿ ಬರೆದು ಕಳುಹಿಸಿ, ಕೊನೆಯ ಊರಿಗೆ ತಲುಪಲು ಎಷ್ಟು ಹೊತ್ತಾಯಿತೆಂದು ಅಳೆಯಿರಿ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರುಗಳ ಬರಕ್ಕೂ ಇದೇ ಜಾಲ ಸಾಕು. ಅಲ್ಲಿ ಗಂಟೆಯ ಬದಲು ವಾರದ ಲೆಕ್ಕ. ಮಳೆಯಿಲ್ಲದ ದಿನಗಳು, ಬತ್ತಿದ ಬೋರ್‌ವೆಲ್‌ಗಳು, ಟ್ಯಾಂಕರಿನ ಸುತ್ತುಗಳನ್ನು ಪ್ರತಿ ಸೋಮವಾರ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಗ್ರಾಮ ಆಡಳಿತ ಅಧಿಕಾರಿ ಇಬ್ಬರಿಗೂ ಒಪ್ಪಿಸಿ.

ಒಂದನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ: ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ಒಂಟಿ ವೃದ್ಧರ ಮನೆಗಳ ಪಟ್ಟಿ. ಅದನ್ನು ಕಾಗದದಲ್ಲಿ ಬರೆದು ಆಶಾ ಕಾರ್ಯಕರ್ತೆಯರ ಬಳಿ ಒಂದು, ಪಂಚಾಯಿತಿಯಲ್ಲಿ ಒಂದು ಪ್ರತಿ ಇಡಿ. ಕರೆಂಟು ಹೋಗಿ, ಟವರ್ ನಿಂತ ರಾತ್ರಿ ಬಾಗಿಲು ತಟ್ಟಲು ಹೊರಡುವವರ ಕೈಯಲ್ಲಿ ಇರಬೇಕಾದದ್ದು ಆ ಕಾಗದ ಮತ್ತು ಒಂದು ಟಾರ್ಚ್.