ಜಪಾನ್ ಪ್ರವಾಸ: ಮೊದಲು ರಾತ್ರಿಗಳ ಲೆಕ್ಕ, ಆಮೇಲೆ ಊರುಗಳ ಪಟ್ಟಿ

ಜಪಾನಿಗೆ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಟೋಕಿಯೊ, ಫ್ಯೂಜಿ, ಹಕೋನೆ, ಕ್ಯೋಟೊ, ನಾರಾ, ಒಸಾಕಾ, ಹಿರೋಷಿಮಾ, ಮಿಯಾಜಿಮಾ. ಎಂಟು ಊರು, ಹತ್ತು ದಿನ. ಬುಲೆಟ್ ರೈಲು ಶಿಂಕಾನ್ಸೆನ್ ಗಂಟೆಗೆ 285 ಕಿ.ಮೀ. ಓಡುತ್ತದಲ್ಲ ಎಂಬ ಧೈರ್ಯದಲ್ಲಿ ಮಾಡಿದ ಪಟ್ಟಿ ಇದು. ರೈಲೇನೋ ಓಡುತ್ತದೆ. ಆದರೆ ಹೋಟೆಲ್ ಕೋಣೆ ಬಿಡಬೇಕಾದದ್ದು ಬೆಳಗ್ಗೆ 10 ಅಥವಾ 11ಕ್ಕೆ, ಮುಂದಿನ ಊರಲ್ಲಿ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ 3ಕ್ಕೆ. ಊರು ಬದಲಿಸಿದ ದಿನವೆಲ್ಲ ಅರ್ಧ ದಿನ ಹೋಯಿತೆಂದೇ ಇಟ್ಟುಕೊಳ್ಳಿ. ಹಾಗಾಗಿ ಎಷ್ಟು ಊರು ನೋಡಬಹುದು ಎನ್ನುವ ಮೊದಲು ಎಷ್ಟು ಕಡೆ ಮಲಗುತ್ತೇವೆ ಎಂದು ಲೆಕ್ಕ ಹಾಕಿ. ಹನ್ನೆರಡು ರಾತ್ರಿಗೆ ನಾಲ್ಕು ಕಡೆ ಸಾಕು.

ಮೊದಲು ತಿಂಗಳು ಗೊತ್ತುಮಾಡಿ

ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲೇ ಜಪಾನಿನ ಅತಿ ದೊಡ್ಡ ರಜಾವಾರವೂ ಬರುತ್ತದೆ. ಏಪ್ರಿಲ್ 29ರಿಂದ ಮೇ 5ರವರೆಗಿನ ‘ಗೋಲ್ಡನ್ ವೀಕ್’ನಲ್ಲಿ ಇಡೀ ದೇಶವೇ ರೈಲು ಹತ್ತುತ್ತದೆ, ಹೋಟೆಲ್ ದರ ಏರುತ್ತದೆ, ಸೀಟು ಸಿಗುವುದಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ 10ರ ಹೊತ್ತಿಗೆ ಹೊರಟು 24ರೊಳಗೆ ವಾಪಸಾಗುವುದು ಜಾಣತನ. ಆಗ ಟೋಕಿಯೊ, ಕ್ಯೋಟೊಗಳ ಚೆರಿ ಹೂ ಉದುರುತ್ತಿರುತ್ತದೆ. ಬೇಸರ ಬೇಡ. ಕ್ಯೋಟೊದ ನಿನ್ನಾಜಿ ದೇವಾಲಯದ ‘ಒಮುರೊ’ ಎಂಬ ಗಿಡ್ಡ ಚೆರಿ ಮರಗಳು ತಡವಾಗಿ ಅರಳುತ್ತವೆ, ಒಸಾಕಾದ ದಕ್ಷಿಣಕ್ಕಿರುವ ಮಠಗಳ ಊರು ಕೊಯಾಸಾನ್ ಬೆಟ್ಟದ ಮೇಲೆ ಇನ್ನೂ ತಡ.

ಜೂನ್ ಮೊದಲ ವಾರದಿಂದ ಜುಲೈ ನಡುವಿನವರೆಗೆ ಮಳೆ. ಆಗಸ್ಟ್‌ನಲ್ಲಿ ಬೆವರಿಳಿಸುವ ಸೆಖೆ, ಜೊತೆಗೆ 13ರಿಂದ 16ರವರೆಗೆ ಪಿತೃಗಳನ್ನು ನೆನೆಯುವ ‘ಒಬೋನ್’ ರಜೆ. ಚಂಡಮಾರುತಗಳ ಕಾಲವೂ ಅದೇ, ಅಕ್ಟೋಬರ್‌ವರೆಗೂ ಚಾಚುತ್ತದೆ. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಅನೇಕ ಅಂಗಡಿ, ಮ್ಯೂಸಿಯಂಗಳಿಗೆ ಬೀಗ. ಒಟ್ಟಿನಲ್ಲಿ ನವೆಂಬರ್‌ಗೆ ಸಮನಾದ ತಿಂಗಳಿಲ್ಲ: ಮೊದಲ ವಾರ ಕೊಯಾಸಾನ್‌ನಲ್ಲಿ, ಕೊನೆಯ ವಾರ ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗಿರುತ್ತದೆ. ದೀಪಾವಳಿ ನವೆಂಬರ್‌ನಲ್ಲಿ ಬಂದ ವರ್ಷ ಆ ರಜೆಗೆ ಇನ್ನಷ್ಟು ದಿನ ಸೇರಿಸಿಕೊಂಡರೆ ಆಯಿತು.

ಹಾದಿ: ಒಂದು ಸುತ್ತು

ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇಳಿಯುವುದು ಟೋಕಿಯೊ ಹೊರಗಿನ ನರಿತಾದಲ್ಲಿ, ಹೊರಡುವುದೂ ಅಲ್ಲಿಂದಲೇ. ಹೋದ ದಾರಿಯಲ್ಲೇ ಹಿಂದಿರುಗುವ ಬದಲು ಸುತ್ತು ಹಾಕಿ ಬನ್ನಿ. ಟೋಕಿಯೊ 4 ರಾತ್ರಿ, ಪಶ್ಚಿಮ ಕರಾವಳಿಯ ಕನಾಜವಾ 2, ಕ್ಯೋಟೊ 4, ಕೊಯಾಸಾನ್ 1, ಕೊನೆಗೆ ಮತ್ತೆ ಟೋಕಿಯೊ 1. ನಗರ, ತೋಟ, ದೇವಾಲಯ, ಬೆಟ್ಟ ನಾಲ್ಕೂ ಇದರಲ್ಲಿ ಬಂದವು. ನಾರಾಕ್ಕೆ ಕ್ಯೋಟೊದಿಂದ ಮುಕ್ಕಾಲು ಗಂಟೆಯ ರೈಲು, ಅಲ್ಲಿ ತಂಗಬೇಕಿಲ್ಲ. ಹುಲ್ಲು ಹೊದಿಸಿದ ಕಡಿದಾದ ಚಾವಣಿಯ ಮನೆಗಳಿರುವ ಶಿರಕಾವಾ-ಗೋ ಹಳ್ಳಿಗೆ ಕನಾಜವಾದಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ. 1995ರಿಂದ ಇದು ವಿಶ್ವ ಪರಂಪರೆಯ ತಾಣ. ಬಸ್ಸುಗಳಲ್ಲಿ ಹೆಚ್ಚಿನವಕ್ಕೆ ಮುಂಗಡ ಸೀಟು ಬೇಕು. ನಿಲ್ದಾಣಕ್ಕೆ ಹೋಗಿ ನೋಡೋಣ ಎಂದುಕೊಂಡವರು ಅಲ್ಲೇ ಉಳಿಯುತ್ತಾರೆ.

ಹಿರೋಷಿಮಾ, ಒಸಾಕಾ ಬಿಟ್ಟುಹೋಯಿತಲ್ಲ ಎನ್ನಬಹುದು. ಹೋಗಲಿ ಬಿಡಿ. ಹಿರೋಷಿಮಾಗೆ ಕನಿಷ್ಠ ಎರಡು ರಾತ್ರಿ ಕೊಡಲಾಗದಿದ್ದರೆ ಹೋಗಬೇಡಿ. ಅಲ್ಲಿನ ಶಾಂತಿ ಮ್ಯೂಸಿಯಂ ನೋಡಿ ಬಂದ ಮೇಲೆ ಮತ್ತೆ ಓಡುವ ಮನಸ್ಸಿರುವುದಿಲ್ಲ.

ವೀಸಾ

ವೀಸಾ ಸಿಕ್ಕ ದಿನದಿಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು. ಹಾಗಾಗಿ ತೀರಾ ಮುಂಚೆ ಅರ್ಜಿ ಹಾಕಿದರೂ ಕಷ್ಟ. ಹೊರಡಲು ಐದಾರು ವಾರ ಇರುವಾಗ ಹಾಕುವುದು ಸರಿ. ಅರ್ಜಿಯ ಜೊತೆ ದಿನವಾರು ವೇಳಾಪಟ್ಟಿ ಕೊಡಬೇಕು: ಯಾವ ತಾರೀಕು, ಯಾವ ಊರು, ಹೋಟೆಲ್ ವಿಳಾಸ, ಫೋನ್ ಸಂಖ್ಯೆ. ಹೋಟೆಲ್ ಬುಕಿಂಗ್‌ಗೂ ಇದಕ್ಕೂ ಒಂದು ರಾತ್ರಿಯ ವ್ಯತ್ಯಾಸವೂ ಇರಬಾರದು. ಹಣ ಕಳೆಯದೆ ರದ್ದುಮಾಡಬಹುದಾದ ಕೋಣೆಗಳನ್ನೇ ಮೊದಲು ಹಿಡಿದಿಡಿ.

2024ರ ಏಪ್ರಿಲ್‌ನಿಂದ ಭಾರತೀಯ ಪ್ರವಾಸಿಗರಿಗೆ ಇ-ವೀಸಾ. ಪಾಸ್‌ಪೋರ್ಟ್‌ನಲ್ಲಿ ಚೀಟಿ ಅಂಟಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ವೀಸಾ ಪುಟವನ್ನು ಇಂಟರ್‌ನೆಟ್ ಮೂಲಕ ಅಲ್ಲೇ ತೆರೆದು ಫೋನಿನಲ್ಲಿ ತೋರಿಸಬೇಕು. ಸ್ಕ್ರೀನ್‌ಶಾಟ್, ಪಿಡಿಎಫ್, ಮುದ್ರಿತ ಪ್ರತಿ ನಡೆಯುವುದಿಲ್ಲ. ಮನೆಯ ಹಿರಿಯರು ಬೇರೆ ಸಾಲಿನಲ್ಲಿ ನಿಂತರೆ ಅವರ ಕೈಯಲ್ಲೂ ಚಾರ್ಜ್ ಇರುವ, ನೆಟ್ ಇರುವ ಫೋನ್ ಇರಲಿ. ‘ವಿಸಿಟ್ ಜಪಾನ್ ವೆಬ್’ನಲ್ಲಿ ವಲಸೆ, ಕಸ್ಟಮ್ಸ್ ಮಾಹಿತಿಯನ್ನು ಮೊದಲೇ ತುಂಬಿ ಕ್ಯೂಆರ್ ಕೋಡ್ ಪಡೆದರೆ ಇಳಿದ ಮೇಲೆ ಕಾಗದ ತುಂಬುವುದು ತಪ್ಪುತ್ತದೆ.

ಬೆಳಗ್ಗೆ ಆರೂವರೆಯ ಬುಕಿಂಗ್

ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಟಿಕೆಟ್ ಮಾರಾಟ ಸಾಮಾನ್ಯವಾಗಿ ಬೆಳಗ್ಗೆ 10ಕ್ಕೆ ಶುರುವಾಗುತ್ತದೆ, ಅಂದರೆ ಇಲ್ಲಿ 6.30. ಶಿಂಕಾನ್ಸೆನ್ ಸೀಟು ಸಾಮಾನ್ಯವಾಗಿ ಪ್ರಯಾಣಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ ಆ ಹೊತ್ತಿಗೆ ತೆರೆಯುತ್ತದೆ. ಟೋಕಿಯೊ ಪಕ್ಕದ ಮಿತಾಕಾದಲ್ಲಿರುವ, ಅನಿಮೇಷನ್ ಚಿತ್ರಗಳ ಗಿಬ್ಲಿ ಮ್ಯೂಸಿಯಂಗೆ ಬಾಗಿಲಲ್ಲಿ ಟಿಕೆಟ್ ಇಲ್ಲ. ಮುಂದಿನ ತಿಂಗಳ ಟಿಕೆಟ್ ಪ್ರತಿ ತಿಂಗಳ 10ನೇ ತಾರೀಕು ಅದೇ ಹೊತ್ತಿಗೆ ಬಿಡುತ್ತಾರೆ. ಸುಮೊ ನೋಡಬೇಕೆಂದರೆ ತಿಂಗಳು ಸರಿಹೊಂದಬೇಕು: ಟೋಕಿಯೊದಲ್ಲಿ ಜನವರಿ, ಮೇ, ಸೆಪ್ಟೆಂಬರ್ ಮಾತ್ರ, ಪ್ರತಿ ಬಾರಿ 15 ದಿನ. ಜಪಾನಿನ ಸಾಂಪ್ರದಾಯಿಕ ನಾಟಕ ಕಬುಕಿಗೆ ಇಷ್ಟು ಪಾಡಿಲ್ಲ. ಗಿಂಜಾದ ಕಬುಕಿ-ಜಾ ರಂಗಮಂದಿರದಲ್ಲಿ ಒಂದೇ ಅಂಕಕ್ಕೆ ಅಗ್ಗದ ಟಿಕೆಟ್ ಸಿಗುತ್ತದೆ. ಇಲ್ಲಿ ಹೆಣ್ಣುವೇಷ ಹಾಕುವವರೂ ಗಂಡಸರೇ. ಯಕ್ಷಗಾನ ನೋಡಿ ಬೆಳೆದವರಿಗೆ ಮಾತು ಅರ್ಥವಾಗದಿದ್ದರೂ ಆಟ ಹಿಡಿಸುತ್ತದೆ.

ಕೋಣೆ ಕಾದಿರಿಸುವಾಗ ‘ಸೆಮಿ-ಡಬಲ್’ ಎಂಬ ಪದ ಕಂಡರೆ ನಿಲ್ಲಿ. ಮಂಚದ ಅಗಲ 120 ಸೆಂ.ಮೀ. ಮಾತ್ರ, ಇಬ್ಬರು ಮಗ್ಗುಲು ಬದಲಿಸುವುದೂ ಕಷ್ಟ. ಸೂಟ್‌ಕೇಸ್ ಬಿಚ್ಚಿದರೆ ಓಡಾಡಲು ಜಾಗವಿಲ್ಲದ ಕೋಣೆಗಳೇ ಹೆಚ್ಚು. ‘ಟ್ವಿನ್’ ಆರಿಸಿ, ಚದರ ಮೀಟರ್ 18ಕ್ಕಿಂತ ಕಡಿಮೆ ಇದ್ದರೆ ಬೇರೆ ನೋಡಿ. ಕ್ಯೋಟೊದಲ್ಲಿ ವಸತಿ ತೆರಿಗೆ ಬೇರೆ: 2026ರ ಮಾರ್ಚ್‌ನಿಂದ ತಲಾ 6,000ದಿಂದ 19,999 ಯೆನ್ ದರದ ವಾಸಕ್ಕೆ ರಾತ್ರಿಗೆ ಒಬ್ಬರಿಗೆ 400 ಯೆನ್.

ರೈಲು: ಪಾಸ್ ಬೇಕೇ?

ಹಳೆಯ ಸಲಹೆಗಳೆಲ್ಲ ಜಪಾನ್ ರೈಲ್ವೇಸ್‌ನ (ಜೆಆರ್) ರೈಲುಗಳಲ್ಲಿ ಓಡಾಡಲು ಪ್ರವಾಸಿಗರಿಗೆ ಕೊಡುವ ಜೆಆರ್ ಪಾಸ್ ಕೊಳ್ಳಿ ಎನ್ನುತ್ತವೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಅಲ್ಲಿಗೆ ಆ ಸಲಹೆ ಹಳಸಿತು. ನಮ್ಮ ಸುತ್ತಿಗೆ ಲೆಕ್ಕ ಹಾಕೋಣ. ಟೋಕಿಯೊ–ಕನಾಜವಾ ಸುಮಾರು 14,400 ಯೆನ್, ಕನಾಜವಾ–ಕ್ಯೋಟೊ 8,000ದ ಆಸುಪಾಸು, ಕೊಯಾಸಾನ್ ಇಳಿದ ಮೇಲೆ ಒಸಾಕಾದ ಶಿಂಕಾನ್ಸೆನ್ ನಿಲ್ದಾಣವಾದ ಶಿನ್-ಒಸಾಕಾದಿಂದ ಟೋಕಿಯೊಗೆ ಸುಮಾರು 14,700. ಒಟ್ಟು ಸುಮಾರು 37,000. ಮೇಲಾಗಿ ಐದನೇ ದಿನದ ರೈಲಿನಿಂದ ಹನ್ನೆರಡನೇ ದಿನದ ರೈಲಿನವರೆಗೆ ಎಂಟು ದಿನವಾಗುತ್ತದೆ. ಏಳು ದಿನದ ಪಾಸ್ ಕೊನೆಯ ಪ್ರಯಾಣಕ್ಕೇ ಕೈಕೊಡುತ್ತದೆ. ಕೊಯಾಸಾನ್‌ಗೆ ಹೋಗುವ ನನ್‌ಕಾಯ್ ರೈಲು ಖಾಸಗಿ, ಅದಕ್ಕೆ ಈ ಪಾಸ್ ಲಗಾವೇ ಇಲ್ಲ. ಬಿಡಿ ಟಿಕೆಟ್ ಕೊಳ್ಳಿ.

ಕನಾಜವಾಗೆ ಹೋಗುವ ‘ಕಗಯಾಕಿ’ ರೈಲಿನಲ್ಲಿ ಕಾದಿರಿಸದ ಬೋಗಿಯೇ ಇಲ್ಲ. ಅಲ್ಲಿಂದ ಕ್ಯೋಟೊಗೆ ನೇರ ರೈಲು 2024ರ ಮಾರ್ಚ್‌ನಿಂದ ಇಲ್ಲ. ತ್ಸುರುಗಾದಲ್ಲಿ ಇಳಿದು ‘ಥಂಡರ್‌ಬರ್ಡ್’ ಹಿಡಿಯಬೇಕು. ಬದಲಿಸಲು ಸಿಗುವುದು ಎಂಟೇ ನಿಮಿಷದಷ್ಟು. ರೈಲು ನಿಲ್ಲುವ ಮೊದಲೇ ಬಾಗಿಲ ಬಳಿ ಇರಿ. ಶಿನ್-ಒಸಾಕಾದಿಂದ ಟೋಕಿಯೊ ಕಡೆಗಿನ ಶಿಂಕಾನ್ಸೆನ್‌ನಲ್ಲಿ ಸಾಮಾನ್ಯ ಬೋಗಿಯ ‘ಇ’ ಸೀಟು ಕೇಳಿ ಪಡೆಯಿರಿ: ಕಿಟಕಿ ಪಕ್ಕ, ಫ್ಯೂಜಿ ಕಾಣುವ ಬದಿ. ಟೋಕಿಯೊ ತಲುಪಲು ಮುಕ್ಕಾಲು ಗಂಟೆ ಇರುವಾಗ ಎಡಗಡೆ ನೋಡಿ. ಮೋಡವಿದ್ದರೆ ಏನೂ ಇಲ್ಲ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಇರುವುದೇ ಮೋಡ.

ಲಗೇಜಿನ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ಮೀರುವುದಾದರೆ ಈ ಮಾರ್ಗದಲ್ಲಿ ದೊಡ್ಡ ಲಗೇಜಿನ ಸೀಟನ್ನೇ ಕಾದಿರಿಸಬೇಕು. ಇಲ್ಲವಾದರೆ 1,000 ಯೆನ್ ದಂಡ. ಅದಕ್ಕಿಂತ ಒಳ್ಳೆಯ ದಾರಿ ‘ತಕ್ಕ್ಯೂಬಿನ್’. ಬೆಳಗ್ಗೆ ಹೋಟೆಲ್ ರಿಸೆಪ್ಷನ್‌ನಲ್ಲಿ ಸೂಟ್‌ಕೇಸ್ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಹೋಟೆಲ್‌ನಲ್ಲಿರುತ್ತದೆ. ಖರ್ಚು ಒಂದಕ್ಕೆ 2,000ದಿಂದ 3,000 ಯೆನ್. ಕ್ಯೋಟೊದಿಂದ ದೊಡ್ಡ ಪೆಟ್ಟಿಗೆಗಳನ್ನು ನೇರ ಟೋಕಿಯೊಗೆ ಕಳಿಸಿ, ಒಂದು ರಾತ್ರಿಯ ಬಟ್ಟೆ ಬೆನ್ನಚೀಲದಲ್ಲಿ ಹಾಕಿಕೊಂಡು ಬೆಟ್ಟ ಹತ್ತಿ. ಊರೊಳಗಿನ ಮೆಟ್ರೊ, ಬಸ್ಸಿಗೆ ಹಣ ತುಂಬಿಸಿಕೊಂಡು ಬಳಸುವ ಸುಯಿಕಾ ಅಥವಾ ಇಕೋಕಾ ಕಾರ್ಡ್ ಒಂದಿದ್ದರೆ ಬಹುಪಾಲು ಕಡೆ ನಡೆಯುತ್ತದೆ.

ಸಸ್ಯಾಹಾರ: ಕಾಣದ ಮೀನು

ನಮ್ಮವರು ಎಡವುವುದು ಇಲ್ಲೇ. ತಟ್ಟೆಯಲ್ಲಿ ಮೀನಿನ ತುಂಡು ಇಲ್ಲ ಎಂದಮಾತ್ರಕ್ಕೆ ಸಸ್ಯಾಹಾರವಲ್ಲ. ಜಪಾನಿ ಅಡುಗೆಗೆ ಬುನಾದಿ ‘ದಾಶಿ’ ಎಂಬ ತಿಳಿಸಾರು. ಅದನ್ನು ಬಹುಪಾಲು ಒಣಗಿಸಿ ಹೊಗೆಹಾಕಿದ ಮೀನಿನ ಚಕ್ಕೆ ‘ಕತ್ಸುಓಬುಶಿ’ಯಿಂದ ಕುದಿಸುತ್ತಾರೆ. ಮಿಸೊ ಸೂಪ್, ಸೋಬಾ-ಉದೋನ್ ಶ್ಯಾವಿಗೆಯ ರಸ, ತೋಫು ಮೇಲೆ ಸುರಿಯುವ ಸಾಸ್, ಬೇಯಿಸಿದ ಕುಂಬಳಕಾಯಿ ಪಲ್ಯ ಎಲ್ಲದರಲ್ಲೂ ಅದಿರುತ್ತದೆ. ‘ವೆಜಿಟೇರಿಯನ್’ ಎಂದರೆ ಮಾಂಸ ತಿನ್ನದವರು ಎಂದಷ್ಟೇ ತಿಳಿದು ಮೀನು ತಂದಿಟ್ಟರೆ ಅವರ ತಪ್ಪಲ್ಲ. ‘ನಿಕು ಮೊ ಸಕಾನಾ ಮೊ ತಬೆಮಾಸೆನ್’ (ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ) ಎಂದು ಹೇಳಿ. ಮೀನಿನ ದಾಶಿಯೂ ಬೇಡವೆಂದು ಜಪಾನಿಯಲ್ಲಿ ಬರೆಸಿದ ಚೀಟಿ ತೋರಿಸಿ. ಮೊಟ್ಟೆ, ಹಾಲು ನಡೆಯುತ್ತದೋ ಎಂಬುದನ್ನೂ ಅದರಲ್ಲೇ ಬರೆಸಿ.

ಸಣ್ಣ ಅಂಗಡಿಗೆ ಕಿಕ್ಕಿರಿದ ಹೊತ್ತಿನಲ್ಲಿ ಹೋಗಿ ಸಾರು ಬೇರೆ ಮಾಡಿಕೊಡಿ ಎನ್ನಬೇಡಿ. ಸಾರು ಬೆಳಗ್ಗೆಯೇ ಆಗಿರುತ್ತದೆ, ಬೇರೆ ಪಾತ್ರೆ ಇರುವುದಿಲ್ಲ. ದಿನಕ್ಕೊಂದು ಊಟವನ್ನು ವೀಗನ್ ಅಥವಾ ಭಾರತೀಯ ಹೋಟೆಲಿನಲ್ಲಿ ಮೊದಲೇ ಗೊತ್ತುಮಾಡಿ, ಉಳಿದದ್ದಕ್ಕೆ ಬ್ರೆಡ್, ಹಣ್ಣು, ಸಾದಾ ಅನ್ನ, ಜೊತೆಗೊಯ್ದ ಚಟ್ನಿಪುಡಿ. ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಭಾರತೀಯರು ಬಹಳ. ಬೇಳೆ, ಹಿಟ್ಟು, ಮಸಾಲೆ ಅಲ್ಲಿ ಸಿಗುತ್ತದೆ. ಮನೆಯಿಂದ ಕರಿಬೇವು, ಮಾವು, ಹಸಿಮೆಣಸಿನಕಾಯಿ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ತೆಗೆದುಕೊಳ್ಳುತ್ತಾರೆ.

ಬೆಟ್ಟದ ಮೇಲೊಂದು ರಾತ್ರಿ

ನಿಶ್ಚಿಂತೆಯಿಂದ ಉಣ್ಣಬಹುದಾದ ಜಾಗ ಕೊಯಾಸಾನ್. ಶಿಂಗೋನ್ ಬೌದ್ಧ ಪಂಥದ ಕೂಕಾಯ್ ಗುರುಗಳು 816ರಲ್ಲಿ ಸ್ಥಾಪಿಸಿದ ಮಠಗಳ ಊರು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಸುಮಾರು ಐವತ್ತು ಮಠಗಳು ಯಾತ್ರಿಗಳಿಗೆ ‘ಶುಕುಬೊ’ ಎಂಬ ತಂಗುವ ವ್ಯವಸ್ಥೆ ಇಟ್ಟಿವೆ. ಊಟ ‘ಶೋಜಿನ್ ರ್ಯೋರಿ’: ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ, ಸಾರಿಗೆ ಕೊಂಬು ಎಂಬ ಕಡಲಸಸ್ಯ, ಒಣ ಅಣಬೆ. ಎಳ್ಳಿನ ‘ಗೊಮಾ-ದೋಫು’ ಬಾಯಲ್ಲಿ ಕರಗುತ್ತದೆ. ಬೆಳಗಿನ ಪೂಜೆಯಲ್ಲಿ ಕೆಲವು ಮಠಗಳು ಅಗ್ನಿಗೆ ಆಹುತಿ ಕೊಡುವ ‘ಗೊಮಾ’ ನಡೆಸುತ್ತವೆ. ಎಳ್ಳಿಗೂ ಗೊಮಾ, ಹೋಮಕ್ಕೂ ಗೊಮಾ; ಲಿಪಿ ಬೇರೆ. ಎರಡನೆಯದು ನಮ್ಮ ಹೋಮವೇ, ಚೀನಾ ದಾಟಿ ಹೋದದ್ದು.

ಒಸಾಕಾದ ನಂಬಾ ನಿಲ್ದಾಣದಿಂದ ಲಿಮಿಟೆಡ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 80 ನಿಮಿಷ, ಐದು ನಿಮಿಷ ಕೇಬಲ್ ಕಾರ್, ಮೇಲಿನಿಂದ ಬಸ್. ನಿಲ್ದಾಣದಿಂದ ಊರಿಗೆ ನಡೆದುಹೋಗಲು ಬಿಡುವುದಿಲ್ಲ. ಆ ರಸ್ತೆ ಬಸ್ಸಿಗೆ ಮಾತ್ರ. ರಾತ್ರಿಯೂಟ ಐದೂವರೆ, ಆರಕ್ಕೇ ಬಡಿಸುತ್ತಾರೆ, ಆದ್ದರಿಂದ ಮಧ್ಯಾಹ್ನ 4ರೊಳಗೆ ಮಠದಲ್ಲಿರಿ. ಏಪ್ರಿಲ್, ನವೆಂಬರ್‌ನಲ್ಲೂ ರಾತ್ರಿ ಗಡಗಡ ಚಳಿ. ಕೂಕಾಯ್ ಇಂದಿಗೂ ಸಮಾಧಿಯಲ್ಲಿ ಧ್ಯಾನಸ್ಥರು ಎಂದು ನಂಬಿಕೆ, ದಿನಕ್ಕೆರಡು ಬಾರಿ ನೈವೇದ್ಯ ಹೋಗುತ್ತದೆ. ಮಂತ್ರಾಲಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಸನ್ನಿಧಿಗೆ ಹೋಗುವ ಎರಡು ಕಿ.ಮೀ. ದಾರಿಯ ಇಕ್ಕೆಲ ಜಪಾನಿ ಸೀಡರ್ ಮರಗಳು, ಎರಡು ಲಕ್ಷಕ್ಕೂ ಹೆಚ್ಚು ಗೋರಿಗಳು. ಕೊನೆಯ ಸೇತುವೆ ದಾಟಿದ ಮೇಲೆ ಕ್ಯಾಮೆರಾ ಒಳಗಿಡಿ.

ಮಠದ ಸ್ನಾನದ ಮನೆಯಲ್ಲೂ, ಬಿಸಿನೀರಿನ ಬುಗ್ಗೆಯ ‘ಒನ್ಸೆನ್’ನಲ್ಲೂ ನಿಯಮ ಒಂದೇ. ಬಟ್ಟೆ ಪೂರ್ತಿ ತೆಗೆಯಬೇಕು, ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ತೊಳೆದುಕೊಂಡ ಮೇಲಷ್ಟೇ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಮೀಯಲಿಕ್ಕಲ್ಲ, ನೆನೆಯಲಿಕ್ಕೆ. ಸ್ನಾನದ ನಂತರ ತೊಡುವ ಹತ್ತಿಯ ನಿಲುವಂಗಿ ‘ಯುಕಾತಾ’ ಉಡುವಾಗ ಎಡ ಸೆರಗು ಮೇಲೆ ಬರಲಿ. ಬಲ ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ.

ಕ್ಯೋಟೊ, ನಾರಾ: ಬೆಳಗಿನ ಊರು

ಸಾವಿರಾರು ಕೆಂಪು ಕಮಾನುಗಳ ಫುಶಿಮಿ ಇನಾರಿ ಗುಡಿ ಹಗಲುರಾತ್ರಿ ತೆರೆದಿರುತ್ತದೆ, ಟಿಕೆಟ್ ಇಲ್ಲ. ಏಳು ಗಂಟೆಗೆ ಅಲ್ಲಿರಿ. ಕಿಯೋಮಿಜು ದೇವಾಲಯ ಆರಕ್ಕೇ ತೆರೆಯುತ್ತದೆ. ಹತ್ತರ ನಂತರ ಎರಡರಲ್ಲೂ ಜನಜಾತ್ರೆ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮೆಟ್ರೊ, ರೈಲನ್ನೇ ನೆಚ್ಚಿ. ಹಳೆಯ ಬಡಾವಣೆ ಗಿಯೋನ್‌ನ ಖಾಸಗಿ ಓಣಿಗಳಿಗೆ ಹೊಕ್ಕರೆ 10,000 ಯೆನ್ ದಂಡದ ಫಲಕವಿದೆ. ಗೇಶಾ ಕಲಾವಿದೆಯರನ್ನು ಬೆನ್ನಟ್ಟಿ ಫೋಟೊ ತೆಗೆದ ಪ್ರವಾಸಿಗರಿಂದಾದದ್ದು ಇದು.

ನಾರಾದಲ್ಲಿ ಜಿಂಕೆಗಳ ಗಲಾಟೆ ದಾಟಿ ತೋದಾಯ್-ಜಿಯ ಹದಿನೈದು ಮೀಟರ್ ಎತ್ತರದ ಕಂಚಿನ ಬುದ್ಧನ ಮುಂದೆ ನಿಂತಾಗ ಒಂದು ಮಾತು ನೆನಪಿರಲಿ: 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದವರು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಟೋಕಿಯೊದ ಉಎನೊ ಕೊಳದ ನಡುವಿನ ಗುಡಿಯ ಬೆಂಜಾಯ್‌ತೆನ್ ಕೂಡ ಪರಕೀಯಳಲ್ಲ, ಸರಸ್ವತಿಯೇ.

ಚೀಲದೊಳಗೆ

ಅಲ್ಲಿ ವಿದ್ಯುತ್ 100 ವೋಲ್ಟ್, ಪ್ಲಗ್‌ಗೆ ಎರಡು ಚಪ್ಪಟೆ ಕಡ್ಡಿ. ಫೋನ್ ಚಾರ್ಜರ್‌ಗೆ ಅಡಾಪ್ಟರ್ ಸಾಕು. ನಮ್ಮ ಎಲೆಕ್ಟ್ರಿಕ್ ಕೆಟಲ್, ಪುಟ್ಟ ಕುಕ್ಕರ್ ಸರಿಯಾಗಿ ಕಾಯುವುದಿಲ್ಲ. ಸ್ಯೂಡೋಎಫೆಡ್ರಿನ್ ಶೇ 10 ಮೀರಿದ ನೆಗಡಿ ಮಾತ್ರೆಗೆ ನಿಷೇಧವಿದೆ, ಡಬ್ಬಿಯ ಮೇಲಿನ ಅಕ್ಷರ ಓದಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿಗಾಗುವಷ್ಟು, ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಸದಾ ಮೈಮೇಲಿರಬೇಕು, ಅದು ಕಾನೂನು. ಕಸದ ಬುಟ್ಟಿ ಬೀದಿಯಲ್ಲಿ ಸಿಗುವುದು ಅಪರೂಪ, ಒಂದು ಪ್ಲಾಸ್ಟಿಕ್ ಕವರ್ ಜೇಬಿನಲ್ಲಿರಲಿ. ನಗದು ಬೇಕಾದರೆ ಸೆವೆನ್-ಇಲೆವೆನ್ ಅಂಗಡಿಯ ಎಟಿಎಂ ವಿದೇಶಿ ಕಾರ್ಡ್ ತೆಗೆದುಕೊಳ್ಳುತ್ತದೆ; ಗುಡಿಗಳು, ಹಳ್ಳಿ ಬಸ್ಸುಗಳು ಇನ್ನೂ ನಾಣ್ಯದ ಕಾಲದಲ್ಲೇ ಇವೆ. ಆ ನಾಣ್ಯಗಳನ್ನು ಊರಿಗೆ ತಂದರೆ ಯಾರೂ ಬದಲಿಸಿಕೊಡುವುದಿಲ್ಲ, ನರಿತಾದ ಅಂಗಡಿಯಲ್ಲೇ ಖಾಲಿ ಮಾಡಿ ವಿಮಾನ ಹತ್ತಿ.