ಪೆಟ್ಟಿಗೆಯಲ್ಲಿ ಸಿಕ್ಕ ವರಹ ಅಸಲಿಯೋ, ನಕಲಿಯೋ?

ಅಜ್ಜಿಯ ಪೆಟ್ಟಿಗೆಯಲ್ಲಿ ವಿಜಯನಗರದ ಚಿನ್ನದ ನಾಣ್ಯ, ಅಂದರೆ ವರಹ, ಸಿಕ್ಕಿತೆಂದರೆ ಸಾಕು, ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಿಯೇ ತರುತ್ತಾರೆ. ದಯವಿಟ್ಟು ಬೇಡ. ತಿಕ್ಕಿದ ಗೀರು ಮತ್ತೆ ಹೋಗುವುದಿಲ್ಲ. ಒರೆಗಲ್ಲಿಗೂ ಉಜ್ಜಬೇಡಿ. ಕಲ್ಲಿಗೆ ಕಾಣುವುದು ಮೇಲಿನ ಗಿಲೀಟು ಮಾತ್ರ.

ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ನಕಲಿ. ಅಂಟದಿದ್ದರೆ ಸುಮ್ನೆ ಖುಷಿಪಡಬೇಡಿ, ಹಿತ್ತಾಳೆಯೂ ಅಂಟುವುದಿಲ್ಲ ಅಲ್ವಾ?

ಆಮೇಲೆ ತೂಕ. ಪೂರ್ತಿ ವರಹ ಸುಮಾರು 3.4 ಗ್ರಾಂ, ಅರ್ಧ ವರಹ ಸುಮಾರು 1.7.

ಎಲ್ಲರೂ ಎಡವುವುದು ನೀರಿನ ಪರೀಕ್ಷೆಯಲ್ಲಿ. ಅಡುಗೆಮನೆಯ ತಕ್ಕಡಿ ಇದಕ್ಕೆ ದಂಡ. 0.001 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯೇ ಬೇಕು. ಸಣ್ಣ ಲೋಟದಲ್ಲಿ ನೀರಿಟ್ಟು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಡಿ. ಗುಳ್ಳೆ ಹಿಡಿಯದಿರಲಿ ಅಂತ. ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ನೈಲಾನ್ ದಾರ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗುವಂತೆ ತೂಗುಬಿಡಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ತಳ ಮುಟ್ಟಿದರೆ ತಕ್ಕಡಿ ನಾಣ್ಯದ ಪೂರ್ತಿ ಭಾರವನ್ನೇ ತೋರಿಸಿಬಿಡುತ್ತದೆ. ಕೈ ನಡುಗುತ್ತದೆ, ಹಾಗಾಗಿ ದಾರವನ್ನು ಒಂದು ಕಡ್ಡಿಗೆ ಕಟ್ಟಿ, ಕಡ್ಡಿಯನ್ನು ಅಕ್ಕಪಕ್ಕದ ಪುಸ್ತಕಗಳ ಮೇಲೆ ಇಡಿ. ಈಗ ತಕ್ಕಡಿ ತೋರಿಸುವುದು ನಾಣ್ಯದಷ್ಟೇ ಜಾಗ ಹಿಡಿಯುವ ನೀರಿನ ತೂಕ. 3.4 ಗ್ರಾಂ ನಾಣ್ಯಕ್ಕೆ ಅದು 0.2 ಗ್ರಾಂ ಆಸುಪಾಸು ಬಂದರೆ ಒಳಗೂ ಚಿನ್ನ. 0.32 ಬಂದರೆ ಬೆಳ್ಳಿಗೆ ಗಿಲೀಟು, 0.4 ಬಂದರೆ ಹಿತ್ತಾಳೆ. ಮೂರು ಸಲ ಮಾಡಿ, ಒಂದೇ ಲೆಕ್ಕ ಬರುವವರೆಗೆ ನಂಬಬೇಡಿ. ಸರಕ್ಕೆ ಪೋಣಿಸಲು ಹಿಂದೆ ಯಾರೋ ಕೊಂಡಿ ಬೆಸೆದಿದ್ದರೆ ಈ ಲೆಕ್ಕ ತಪ್ಪುತ್ತದೆ, ನೆನಪಿರಲಿ.

ಚಿನ್ನದಲ್ಲೇ ಮಾಡಿದ ನಕಲಿಗಳೂ ಇವೆ. ಅದಕ್ಕೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಮೊಬೈಲ್ ಕ್ಯಾಮೆರಾ ಜೂಮ್ ಮೇಲೆ ನನಗಂತೂ ನಂಬಿಕೆಯಿಲ್ಲ. ಅಸಲಿ ವರಹವನ್ನು ಅಚ್ಚಿಟ್ಟು ಬಡಿದಿರುತ್ತಾರೆ, ಅಕ್ಷರದ ಅಂಚು ಚೂಪಾಗಿ ನಿಂತಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರ ಸಾಬೂನಿನಂತೆ ಕರಗಿ, ನಡುವೆ ಸೂಜಿಮೊನೆಯಂಥ ತೂತುಗಳು ಕಾಣುತ್ತವೆ. ಅಂಚಿನ ಸುತ್ತ ಗೆರೆ ಅಥವಾ ಅರ ಹಾಕಿದ ಗುರುತು ಇದ್ದರೆ ಕೆಳಗಿಡಿ.

ಇನ್ನು ಬರಹ. ಕೃಷ್ಣದೇವರಾಯನ ವರಹದಲ್ಲಿ ಒಂದು ಕಡೆ ಬಾಲಕೃಷ್ಣ, ಇನ್ನೊಂದು ಕಡೆ ನಾಗರಿಯಲ್ಲಿ ಮೂರು ಸಾಲು, ‘ಶ್ರೀ ಪ್ರತಾಪ ಕೃಷ್ಣರಾಯ’. ಒಂದು ಕಡೆ ಶಿವಪಾರ್ವತಿ, ಇನ್ನೊಂದು ಕಡೆ ಒಂದೇ ಒಂದು ಪರ್ಷಿಯನ್ ಅಕ್ಷರ ಕಂಡರೆ ನಕಲಿ ಅಂತ ಎಸೆಯಬೇಡಿ. ಅದು ಹೈದರಾಲಿಯ ಹೊನ್ನು: ವಿಜಯನಗರದ್ದಲ್ಲ, 18ನೇ ಶತಮಾನದ್ದು.